ಕೊಪ್ಪಳದ ಕೆಂಪು ವೈನ್: ಹೋಗುವ ಮೊದಲು ಮಿರ್ಚಿ ತಿನ್ನಬೇಡಿ

ಕುಷ್ಟಗಿ ಕಡೆ ಒಬ್ಬರು ಸಣ್ಣದಾಗಿ ವೈನ್ ಮಾಡುತ್ತಾರೆ ಅಂತ ಕೇಳಿ ಹೊರಟೆ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಕೊಪ್ಪಳದಲ್ಲೇ ಇಳಿಯಬಹುದು. ಮುಂದಕ್ಕೆ ಟ್ಯಾಕ್ಸಿ ಮಾಡಿಕೊಳ್ಳಿ, ತೋಟದವರೆಗೆ ಬಸ್ ಹೋಗುವುದಿಲ್ಲ. ಮೊದಲೇ ಫೋನ್ ಮಾಡಿ; ಸಣ್ಣ ವೈನರಿ, ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಆಗಲ್ಲ.

ನಾನು ಮಾಡಿದ ತಪ್ಪು ಬೇರೆ. ಸ್ಟೇಷನ್ ಹತ್ತಿರ ಬಿಸಿ ಮಿರ್ಚಿ ಬಜ್ಜಿ ಕಂಡಿತು. ಒಗ್ಗರಣೆ ಮಂಡಕ್ಕಿ ಜೊತೆ ನಾಲ್ಕು ತಿಂದೆ. ತೋಟದಲ್ಲಿ ಮೊದಲ ಗುಟುಕು ಕುಡಿದಾಗ ನಾಲಿಗೆಗೆ ಬರೀ ಉರಿ. ಅವರು ನಕ್ಕರು. ‘ಮಿರ್ಚಿ ತಿಂದ್ ಬಂದೀರೇನ್ರೀ?’ ಅಂದು ನೀರು, ಒಣ ರೊಟ್ಟಿ ಕೊಟ್ಟು ಅರ್ಧ ಗಂಟೆ ತೋಟ ಸುತ್ತಿಸಿದರು.

ಅದೂ ಒಳ್ಳೆಯದೇ ಆಯಿತು. ಕಾಬರ್ನೆ ಸಾವಿನ್ಯೋನ್ ಅನ್ನುವ ವೈನ್ ದ್ರಾಕ್ಷಿಯ ಹಣ್ಣು ನಮ್ಮ ಸಂತೆಯ ದ್ರಾಕ್ಷಿಯಂತಲ್ಲ. ಚಿಕ್ಕದು, ಸಿಪ್ಪೆ ದಪ್ಪ, ಬೀಜ ಜಾಸ್ತಿ. ಹಿಚುಕಿದರೆ ರಸಕ್ಕೆ ಹೆಚ್ಚು ಬಣ್ಣವೇ ಇಲ್ಲ! ಕೆಂಪೆಲ್ಲ ಸಿಪ್ಪೆಯದು. ಅದಕ್ಕೇ ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ. ಬಣ್ಣದ ಜೊತೆ ಒಗರೂ ಇಳಿಯುತ್ತದೆ. ಇಂಗ್ಲಿಷಿನವರು ಟ್ಯಾನಿನ್ ಅನ್ನುವುದು ಈ ಒಗರು ಕೊಡುವ ಅಂಶಕ್ಕೇ. ನೇರಳೆ ಹಣ್ಣು ತಿಂದವರಿಗೆ ಬಿಡಿಸಿ ಹೇಳಬೇಕಾ? ‘ಒಗರು ಇರಬೇಕ್ರೀ, ಆದ್ರ ನಾಲಿಗಿ ಹಿಡ್ಕೊಂಡು ಕೂಡಬಾರ್ದು’ ಅಂದರು.

ಎರಡನೇ ಸಲ ಕುಡಿದಾಗ ಅರ್ಥವಾಯಿತು. ಮೊದಲು ಹಣ್ಣು, ಆಮೇಲೆ ಸಣ್ಣ ಹುಳಿ, ಕೊನೆಗೆ ಒಸಡಿನ ಹತ್ತಿರ ಆ ಒಗರು, ಮೆಲ್ಲಗೆ ಬಿಟ್ಟು ಹೋಯಿತು. ಹೊಸ ಮರದ ಪೀಪಾಯಿಯಲ್ಲಿಟ್ಟ ವೈನನ್ನೂ ಕೊಟ್ಟರು. ನನಗೆ ಅದರಲ್ಲಿ ಮರದ ವಾಸನೆಯೇ ಜಾಸ್ತಿ ಅನ್ನಿಸಿತು, ಹಣ್ಣು ಎಲ್ಲೋ ಹಿಂದೆ ಕೂತಿತ್ತು.

ಹೋಗುವುದಾದರೆ ಫೆಬ್ರವರಿ-ಮಾರ್ಚ್‌ನಲ್ಲಿ ಹೋಗಿ. ಅಕ್ಟೋಬರ್ ಸುಮಾರಿಗೆ ಚಾಟ್ನಿ ಮಾಡಿದ, ಅಂದರೆ ಕಡ್ಡಿ ಸವರಿದ ಬಳ್ಳಿಯ ಹಣ್ಣು ಆಗ ಕೊಯ್ಲಿಗೆ ಬರುತ್ತದೆ. ಬಿಸಿಲೇರುವ ಮುಂಚೆ ತಲುಪಿದರೆ ಕೊಯ್ಲು ನೋಡಬಹುದು. ಕಾರು ಓಡಿಸುವವರು ಗುಟುಕೂ ಮುಟ್ಟಬೇಡಿ.

ಮನೆಗೆ ತಂದರೆ ಕುಡಿಯುವ ಮುನ್ನ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ತಂಪು ದೇಶದ್ದು. 16-18 ಡಿಗ್ರಿ ಇದ್ದರೆ ಚೆನ್ನ, ನಮ್ಮ ಕೋಣೆ ಎಲ್ಲಿ ಅಷ್ಟಿರುತ್ತೆ? ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಂತೂ ಬಿಡಬೇಡಿ. ನಾನು ಆನೆಗೊಂದಿ ಸುತ್ತಿ ಬರುವಷ್ಟರಲ್ಲಿ ಬಿಸಿಗೆ ಒಂದರ ಕಾರ್ಕ್ ಮೇಲೆದ್ದು, ಹೊಸ ಬ್ಯಾಗ್ ಪೂರ್ತಿ ನೇರಳೆ ಬಣ್ಣವಾಗಿತ್ತು.