ಅಂಗೈಗೆ ಗೊತ್ತಾಗದ ಖಾರ

ಇವತ್ತು ಹಾವೇರಿ ಮನೆಯಲ್ಲಿ ಅವ್ವನ ಜೊತೆ ಕೂತು ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದೆ. ವರ್ಷದ ಖಾರಪುಡಿಗೆ. ಎರಡು ತಾಸು ಅಂಗೈಗೆ ಏನೂ ಆಗಲಿಲ್ಲ. ಅಲ್ಲಿ ಚರ್ಮದ ಮೇಲ್ಪದರ ದಪ್ಪ, ಪೂರ್ತಿ ಸತ್ತ ಕೋಶಗಳದ್ದು. ಖಾರ ಬೇಗ ಒಳಗಿಳಿಯುವುದಿಲ್ಲ.

ಆದರೆ ಹೋದ ತಿಂಗಳು ಬಾಗಿಲಿಗೆ ಸಿಕ್ಕು ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತಲ್ಲ, ಆ ಜಾಗ! ಪಟ್ಟಿ ಬಿಚ್ಚಿದ್ದೇ ತಪ್ಪು. ಎಷ್ಟು ನೀರು ಹಾಕಿದರೂ ಉರಿ ಇಳಿಯಲಿಲ್ಲ. "ಎಣ್ಣಿ ಹಚ್ಚೋ, ಕಣ್ಣಿಗೆ ಮಾತ್ರ ಕೈ ಒಯ್ಯಬ್ಯಾಡ" ಅಂದಳು ಅವ್ವ. ಸರಿಯೇ, ಖಾರ ಕರಗುವುದು ಎಣ್ಣೆಯಲ್ಲಿ.

ಕೈ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಪೂರ್ತಿ ಬರಲು ಹತ್ತಿರ ಹತ್ತಿರ 6 ತಿಂಗಳು. ಇಷ್ಟು ವರ್ಷ ಸುಮ್ನೆ ಕತ್ತರಿಸಿ ಎಸೀತಿದ್ದೆ, ಅಲ್ವಾ?

ಉಳಿದ ಎರಡು ಕಿಲೋ ತಮ್ಮ ಮುರಿಯಲಿ.