ಕ್ಯಾಮೆರಾ 'ಹೂಂ' ಅನ್ನಲ್ಲ

15 ಜುಲೈ 2025, ಮಂಗಳವಾರ
ಮಾದಾಪುರ

ಅಂತೂ ಮುಗಿಯಿತು. ಐದೇ ಪ್ರಶ್ನೆ, ಹತ್ತು ನಿಮಿಷದ ಮಾತು. ಅದಕ್ಕೆ ಎರಡು ವಾರ ನಿದ್ದೆಗೆಟ್ಟಿದ್ದೆ. ಬೆಂಗಳೂರಿನ ಒಂದು ಲಾ ಫರ್ಮ್‌ಗೆ ಅರ್ಜಿ ಹಾಕಿದ್ದೆನಲ್ಲ, ಅವರ ವಿಡಿಯೋ ಸಂದರ್ಶನ ಇವತ್ತು ಕೊಟ್ಟು ಬಂದೆ. ಸಂದರ್ಶನ ಅಂತ ಹೆಸರು, ಆದರೆ ಆ ಕಡೆ ಯಾರೂ ಇರಲ್ಲ. ಒಂದು ಲಿಂಕ್ ಕಳಿಸುತ್ತಾರೆ, ಐದು ದಿನದೊಳಗೆ ಯಾವಾಗ ಬೇಕಾದರೂ ತೆರೆಯಬಹುದು. ಪರದೆ ಮೇಲೆ ಪ್ರಶ್ನೆ ಬರುತ್ತೆ, ಯೋಚಿಸೋಕೆ 30 ಸೆಕೆಂಡ್, ಮಾತಾಡೋಕೆ 2 ನಿಮಿಷ. ತಪ್ಪಿದರೆ ತಪ್ಪಿತು, ಮತ್ತೊಮ್ಮೆ ಇಲ್ಲ. ಆಮೇಲೆ ಫರ್ಮಿನವರು ಯಾರೋ ಬಿಡುವಾದಾಗ ನೋಡುತ್ತಾರೆ.

ನಮ್ಮೂರಲ್ಲಿ ಮಾತಾಡುವಾಗ ಎದುರಿಗಿರುವವರು ಹೂಂ, ಹೂಂ ಅಂತಿರಬೇಕು. ಇಲ್ಲದಿದ್ದರೆ ಮಾತು ಮುಂದಕ್ಕೇ ಹೋಗಲ್ಲ, ಅಲ್ವಾ? ಇಲ್ಲಿ ಎದುರಿಗಿರುವುದು ಸಾಸಿವೆ ಕಾಳಿನಷ್ಟು ಹಸಿರು ದೀಪ.

ಮೊದಲ ಸಲ ಮನೆಯಲ್ಲೇ ರೆಕಾರ್ಡ್ ಮಾಡಿ ನೋಡಿದಾಗ ನಾಚಿಕೆಯಾಯಿತು. ಶಬ್ದ ನಿಲ್ಲಿಸಿ ಬರೀ ಚಿತ್ರ ನೋಡಿದೆ. ಕಣ್ಣು ಪದೇ ಪದೇ ಎಡಗಡೆ ಕೆಳಗೆ ಓಡುತ್ತಿದೆ, ಉತ್ತರದ ಹಾಳೆ ಅಂಟಿಸಿದ್ದು ಅಲ್ಲೇ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಮುಖ ಹಾಗೇ ಇರುತ್ತೆ. ಆಮೇಲೆ ಫೋನ್ ಬೋರಲು ಹಾಕಿ ಬರೀ ಶಬ್ದ ಕೇಳಿದೆ. ಅಮ್ಮ ಪಕ್ಕದಲ್ಲಿ ಕಣಿಲೆ ಹೆಚ್ಚುತ್ತಾ ಕೂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೇಳಿ ಮುಗಿದ ಮೇಲೆ, "ಅದ್ಯಾರೇ ಬೇಸಿಕಲಿ? ಹನ್ನೊಂದು ಸಲ ಕರೆದೆ" ಅಂದರು. ಎಣಿಸಿದ್ದಾರೆ! ಹಾಳೆ ಹರಿದು ಹಾಕಿದೆ. ಕ್ಯಾಮೆರಾ ಪಕ್ಕದಲ್ಲಿ ಒಂದು ಚೀಟಿ ಮಾತ್ರ, ಅದರಲ್ಲಿ ಒಂದೊಂದು ಪ್ರಶ್ನೆಗೆ ಮೂರು ಪದ.

ಕಷ್ಟ ಆಗಿದ್ದು 'ವಕೀಲಿಕೆ ಯಾಕೆ' ಅನ್ನೋ ಉತ್ತರ. ನಾನು ನ್ಯಾಯ, ಸಮಾಜ, ಬಾಲ್ಯದ ಕನಸು ಅಂತೆಲ್ಲ ಬರೆದಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳಿ, "ಇದನ್ನ ಹೇಳ್ತಿರೋದು ನೀನೇನಾ?" ಅಂದು ಹೋದರು. ಸಿಟ್ಟು ಬಂತು, ಆದರೆ ಮಾತು ಸರಿಯೇ. ನಿಜವಾದ ಕಾರಣ ನಮ್ಮ ಪಹಣಿ. ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಭೂಮಿ. ಪಹಣಿಯಲ್ಲಿ ಇವತ್ತಿಗೂ ಮುತ್ತಜ್ಜನ ಹೆಸರೇ ಇದೆ. ಸಾಲಕ್ಕೆ ಹೋದಾಗಲೆಲ್ಲ ಅಪ್ಪ ವಂಶವೃಕ್ಷ ಹಿಡಿದು ಓಡಾಡುವುದು, ಒಬ್ಬ ಚಿಕ್ಕಪ್ಪನ ಸಹಿ ಸಿಕ್ಕರೆ ಇನ್ನೊಬ್ಬರದು ಸಿಗದೇ ಇರುವುದು, ನಾನು ನಾಲ್ಕನೇ ಕ್ಲಾಸಿನಲ್ಲಿ ಕಚೇರಿ ಮೆಟ್ಟಿಲ ಮೇಲೆ ಕೂತು ಕಿತ್ತಳೆ ತಿನ್ನುತ್ತಾ ಕಾದಿದ್ದು, ಇದೆಲ್ಲ ಇಂಥ ಕಡೆ ಹೇಳುವ ವಿಷಯ ಅಂತ ನನಗೆ ಅನಿಸಿಯೇ ಇರಲಿಲ್ಲ. ಹೋದ ವರ್ಷ ಇಂಟರ್ನ್‌ಶಿಪ್‌ನಲ್ಲಿ ಒಂದು ಜಾಗದ 30 ವರ್ಷದ ದಾಖಲೆ ಪರಿಶೀಲಿಸಲು ಕೊಟ್ಟಿದ್ದರು. ಜೊತೆಯವರೆಲ್ಲ ಆಕಳಿಸುತ್ತಿದ್ದರು. ನನಗೆ ಮಾತ್ರ ಮನೆಯ ಕಡತ ಬಿಚ್ಚಿದ ಹಾಗಿತ್ತು. ಈ ಫರ್ಮಿನಲ್ಲಿ ಜಾಗದ ವ್ಯವಹಾರ ನೋಡುವ ತಂಡ ಇದೆ. 'ನಮ್ಮಲ್ಲೇ ಯಾಕೆ' ಅನ್ನೋದಕ್ಕೂ ಅದೇ ಉತ್ತರ ಆಯಿತು. ಚೀಟಿಯಲ್ಲಿ ಬರೆದಿದ್ದು: ಪಹಣಿ, ಕಿತ್ತಳೆ, 30 ವರ್ಷ.

ಭಾನುವಾರ ಮಧ್ಯಾಹ್ನ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು. ಕರೆಂಟ್ ಇಲ್ಲ, ಟವರ್ ಕೂಡ ಸತ್ತಿದೆ. ಈ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ಬೈಯೋಕೆ ಮನಸ್ಸು ಬರಲ್ಲ. ತಪ್ಪು ನನ್ನದೇ, ಲಿಂಕ್ ಬಂದ ದಿನವೇ ಮುಗಿಸದೆ ಕೊನೆ ದಿನದವರೆಗೆ ಎಳೆದೆ. ಮನೆ ಮುಂದಿನ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೇ ಕೇಳಲ್ಲ, ಇನ್ನು ಮೈಕ್‌ಗೆ ಏನು ಕೇಳೀತು. ಬೆಳಿಗ್ಗೆ ಬಸ್ ಹತ್ತಿ ಕುಶಾಲನಗರಕ್ಕೆ, ಚಿಕ್ಕಮ್ಮನ ಮನೆಗೆ ಹೋದೆ. ಒಂದೇ ಜಿಲ್ಲೆ, ಆದರೆ ಅಲ್ಲಿ ಬಿಸಿಲು!

ಚಿಕ್ಕಮ್ಮ ನನಗಿಂತ ಜಾಸ್ತಿ ತಯಾರಾಗಿದ್ದರು. ಕುಕ್ಕರ್ ಕೂಗಬಾರದು ಅಂತ ಪಾತ್ರೆಯಲ್ಲೇ ಅನ್ನ ಬಸಿದಿದ್ದರು. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತೆ, ಹಾಗಾಗಿ ಮೇಜನ್ನು ಕಿಟಕಿ ಕಡೆ ತಿರುಗಿಸಿದೆವು. ಹಿಂದಿನ ಗೋಡೆಯ ಕ್ಯಾಲೆಂಡರ್ ತೆಗೆದರೆ ಅಲ್ಲೊಂದು ಬಿಳಿ ಚೌಕ ಕಂಡಿತು, ವಾಪಸ್ ಹಾಕಿದೆವು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ ಅಂತ ಲ್ಯಾಪ್‌ಟಾಪ್ ಕೆಳಗೆ ಒಪ್ಪಂದ ಕಾಯ್ದೆಯ ದಪ್ಪ ಪುಸ್ತಕ ಇಟ್ಟೆ. ವೈಫೈ ಕೈಕೊಟ್ಟರೆ ಇರಲಿ ಅಂತ ಚಿಕ್ಕಪ್ಪನ ಫೋನಿನ ಹಾಟ್‌ಸ್ಪಾಟ್. ಮುಗುಳ್ನಗೆಯನ್ನೂ ಕಂಪ್ಯೂಟರ್ ಅಳೆಯುತ್ತಂತೆ ಅಂತ ಗೆಳತಿಯೊಬ್ಬಳು ಹೆದರಿಸಿದ್ದಳು. ಇಂಥ ವಿಡಿಯೋ ಸಂದರ್ಶನದ ತಂತ್ರಾಂಶ ಮಾಡುವ ಹೈರ್‌ವ್ಯೂ ಅನ್ನೋ ಕಂಪನಿ ಹಿಂದೆ ಮುಖ ನೋಡಿ ಅಂಕ ಹಾಕುತ್ತಿದ್ದದ್ದು ನಿಜ, ಅದನ್ನು ಬಿಟ್ಟಿರುವುದಾಗಿ 2021ರಲ್ಲಿ ಹೇಳಿದೆ. ಆದರೂ ಮೊದಲ ಪ್ರಶ್ನೆಗೆ ನಾನು ಹಲ್ಲು ಕಿರಿದದ್ದು ಸ್ವಲ್ಪ ಅತಿಯಾಯಿತು ಅನಿಸುತ್ತೆ.

ಎರಡನೇ ಪ್ರಶ್ನೆ, ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ. ಹೇಳುವುದು ಒಂದೂಕಾಲು ನಿಮಿಷಕ್ಕೇ ಮುಗಿಯಿತು. ಮುಗಿಸುವ ಬಟನ್ ಎಲ್ಲಿದೆ ಅಂತ ಕಾಣಲಿಲ್ಲ. ಉಳಿದ ಮುಕ್ಕಾಲು ನಿಮಿಷ ಸುಮ್ನೆ ಕ್ಯಾಮೆರಾ ನೋಡುತ್ತಾ ಕೂತಿದ್ದೆ. ಅದೇ ಹೊತ್ತಿಗೆ ಹಿಮ್ಮಡಿ ತುರಿಕೆ ಶುರು. ಬೆಳಿಗ್ಗೆ ತೋಟದ ದಾರಿಯಲ್ಲಿ ಬರುವಾಗ ಜಿಗಣೆ ಕಚ್ಚಿದ್ದು ಗೊತ್ತೇ ಆಗಿರಲಿಲ್ಲ. ಮೇಲೆ ಇಸ್ತ್ರಿ ಮಾಡಿದ ಕೋಟು, ಕೆಳಗೆ ಕಾಲುಚೀಲ ರಕ್ತದಲ್ಲಿ ಒದ್ದೆ. ಕೆರೆಯೋಕೆ ಬಗ್ಗುವ ಹಾಗಿಲ್ಲ.

ನಾಲ್ಕನೆಯದು ನನ್ನ ಅದೃಷ್ಟ. ಕೆಲಸ ಬಿಟ್ಟ ನೌಕರ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನೋ ಕರಾರು ಇದೆ, ಕಕ್ಷಿದಾರರಿಗೆ ಏನು ಹೇಳುತ್ತೀರಿ? ಉತ್ತರ ಲ್ಯಾಪ್‌ಟಾಪ್ ಕೆಳಗಿನ ಪುಸ್ತಕದಲ್ಲೇ ಇತ್ತು! 1872ರ ಕಾಯ್ದೆ, 27ನೇ ಕಲಂ. ಕೆಲಸದಲ್ಲಿರುವಾಗ ಇಂಥ ತಡೆ ನಡೆಯಬಹುದು, ಬಿಟ್ಟ ಮೇಲೆ ಸಾಮಾನ್ಯವಾಗಿ ನಡೆಯಲ್ಲ. ಜಹೀರ್ ಖಾನ್ ಕೇಸ್ ಹೇಳಿದೆ. ಹೌದು, ಬೌಲರ್ ಜಹೀರ್ ಖಾನೇ. ಒಪ್ಪಂದ ಮುಗಿದ ಮೇಲೂ ಬೇರೆಯವರ ಜೊತೆ ಹೋಗುವ ಮೊದಲು ನಮ್ಮನ್ನೇ ಕೇಳಬೇಕು ಅಂತ ಅವರ ಜಾಹೀರಾತು ವ್ಯವಹಾರ ನೋಡುತ್ತಿದ್ದ ಕಂಪನಿ ಹಟ ಹಿಡಿದಿತ್ತು, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೌಕರ ಕಂಪನಿಯ ಗುಟ್ಟು ಹೊತ್ತುಕೊಂಡು ಹೋಗಿದ್ದರೆ ಅದು ಬೇರೆ ಮಾತು, ಅಲ್ಲಿ ಗಮನ ಕೊಡಿ ಅಂತಲೂ ಸೇರಿಸಿದೆ. 'ಬೇಸಿಕಲಿ' ಒಂದೇ ಸಲ ಬಂತು.

ಕೊನೆಯದು, ಈಚಿನ ಯಾವ ಕಾನೂನು ಬದಲಾವಣೆ ಮುಖ್ಯ. 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಕಾನೂನುಗಳನ್ನು ಎಲ್ಲರೂ ಹೇಳುತ್ತಾರೆ, ಅದೂ ಅಲ್ಲದೆ ವಂಚನೆ ಅಂದರೆ ನನ್ನ ಬಾಯಲ್ಲಿ ಇನ್ನೂ ಹಳೇ ಕಲಂ 420 ಅಂತಲೇ ಬರುತ್ತೆ, ಹೊಸ 318 ಬರಲ್ಲ. ಹಾಗಾಗಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಿಡಿದೆ. ಅದರ ನಿಯಮಗಳ ಕರಡು 2025ರ ಜನವರಿಯಲ್ಲಿ ಬಂದಿತ್ತು, ಈ ಸಂದರ್ಶನದ ಹೊತ್ತಿಗೆ ಅಂತಿಮ ಆಗಿರಲಿಲ್ಲ. "ಈ ವಿಡಿಯೋಗೆ ಒಪ್ಪಿಗೆ ಅಂತ ಹತ್ತು ನಿಮಿಷದ ಹಿಂದೆ ನಾನೇ ಒಂದು ಟಿಕ್ ಹಾಕಿದೆ, ಇದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಅಲ್ಲಿ ಬರೆದಿರಲಿಲ್ಲ" ಅಂದುಬಿಟ್ಟೆ. ತಲೆಹರಟೆ ಅಂದುಕೊಂಡರೋ, ಜಾಣೆ ಅಂದುಕೊಂಡರೋ. ಎದುರಿಗೆ ಮನುಷ್ಯರಿದ್ದಿದ್ದರೆ ಹುಬ್ಬು ನೋಡಿಯಾದರೂ ತಿಳಿಯುತ್ತಿತ್ತು.

ಸಂಜೆ ಮನೆಗೆ ಬಂದಾಗ ಅಪ್ಪ ಕೇಳಿದರು, "ಏನಂದ್ರು?"

"ಏನೂ ಅನ್ನಲ್ಲಪ್ಪ, ಅದು ಬರೀ ಕೇಳಿಸಿಕೊಳ್ಳುತ್ತೆ."

"ಮುತ್ತಜ್ಜನ ಹೆಸರು ಹೇಳಿದ್ಯಾ?"

ಹೇಳಿರಲಿಲ್ಲ. ಎರಡು ನಿಮಿಷದಲ್ಲಿ ಅದೊಂದು ಬಿಟ್ಟುಹೋಗಿತ್ತು. ಅಪ್ಪ ಏನೂ ಅನ್ನದೆ ಲಾಟೀನಿನ ಬತ್ತಿ ಏರಿಸಿದರು.

24ನೇ ತಾರೀಕು ಇನ್ನೊಂದು ಫರ್ಮಿನದ್ದಿದೆ, ಅದು ನೇರ ವಿಡಿಯೋ ಕರೆ, ಇಬ್ಬರು ವಕೀಲರು ಕೂರುತ್ತಾರಂತೆ. ಹಿಂದಿನ ದಿನವೇ ಚಿಕ್ಕಮ್ಮನ ಮನೆಗೆ ಹೋಗಿ ಉಳಿಯುತ್ತೇನೆ. ಕರೆಂಟ್ ಇನ್ನೂ ಬಂದಿಲ್ಲ. ಫೋನಿನಲ್ಲಿ 14 ಪರ್ಸೆಂಟ್ ಇದೆ. ನಾಳೆ ಗೇಟಿನ ಹತ್ತಿರ ಎರಡು ಕಡ್ಡಿ ಸಿಗ್ನಲ್ ಸಿಕ್ಕಾಗ ಇದನ್ನು ಹಾಕುತ್ತೇನೆ.