ಏನು ಓದಿದರೆ ದೊಡ್ಡ ಸಿಸ್ಟಮ್ ಕಟ್ಟೋದು ಬರುತ್ತೆ?

"ಸರ್, ಬ್ಯಾಕೆಂಡ್‌ನಲ್ಲಿ ಮೂರ್ನಾಲ್ಕು ವರ್ಷದಿಂದ ಇದ್ದೀನಿ. ಎಪಿಐ ಬರೀತೀನಿ, ಸ್ಪ್ರಿಂಗ್ ಬೂಟ್ ಚೆನ್ನಾಗಿ ಗೊತ್ತು. ಆದ್ರೆ ಲಕ್ಷಾಂತರ ಜನ ಬಳಸೋ, ರಾಶಿ ರಾಶಿ ಡೇಟಾ ಇರೋ ಸಿಸ್ಟಮ್ ಕಟ್ಟೋದನ್ನ ಎಲ್ಲಿ ಕಲೀಲಿ? ಯಾವ ಪುಸ್ತಕ, ಯಾವ ಕೋರ್ಸ್?"

ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವ ಹೊತ್ತಿಗೆ ಹೆಚ್ಚಿನವರು ಕಾಫ್ಕಾ, ಕಸಾಂಡ್ರಾ, ಶಾರ್ಡಿಂಗ್ ಅಂತ ಸಾಕಷ್ಟು ವಿಡಿಯೊ ನೋಡಿರುತ್ತಾರೆ. ಬೋರ್ಡ್ ಮೇಲೆ ಚೌಕ ಬರೆದು ಬಾಣ ಎಳೆಯುವುದೂ ಬಂದಿರುತ್ತದೆ. ಇಂಟರ್‌ವ್ಯೂಗೆ ಅಷ್ಟು ಸಾಕಾಗಬಹುದು, ಕೆಲಸಕ್ಕೆ ಸಾಲದು. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೊದಲು ಒಂದೇ ಮಷಿನ್ ಮೇಲೆ ಓಡುವ ಒಂದೇ ಡೇಟಾಬೇಸನ್ನು ತಳದವರೆಗೆ ಅರ್ಥ ಮಾಡಿಕೊಳ್ಳಿ. ಹತ್ತು ಮಷಿನ್‌ಗಳ ಮಾತು ಆಮೇಲೆ.

ಕೆಲವರಿಗೆ ಇದರಿಂದ ನಿರಾಸೆಯಾಗುತ್ತದೆ. "ನಮ್ದು ದೊಡ್ಡ ಸ್ಕೇಲ್ ಸರ್" ಅನ್ನುತ್ತಾರೆ. ಆಗ ಲೆಕ್ಕ ಹಾಕಿಸುತ್ತೇನೆ. ದಿನಕ್ಕೆ 50 ಲಕ್ಷ ಆರ್ಡರ್ ಬರುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡು, ಹಾಗಾಗಿ ಸರಾಸರಿ ಸೆಕೆಂಡಿಗೆ 58 ಆರ್ಡರ್. ಸಂಜೆಯ ನೂಕುನುಗ್ಗಲಿಗೆ ಹತ್ತು ಪಟ್ಟು ಹಿಡಿದರೂ 580. ಒಳ್ಳೆಯ ಎಸ್‌ಎಸ್‌ಡಿ ಇರುವ ಒಂದು ಪೋಸ್ಟ್‌ಗ್ರೆಸ್ (ಪುಕ್ಕಟೆ ಸಿಗುವ ಒಂದು ಡೇಟಾಬೇಸ್) ಸರ್ವರ್ ಇದನ್ನು ಆರಾಮವಾಗಿ ತಾಳಿಕೊಳ್ಳುತ್ತದೆ. ಆದರೆ ಒಂದೊಂದು ಆರ್ಡರ್‌ಗೆ 1 ಕೆಬಿ ಹಿಡಿದರೆ ದಿನಕ್ಕೆ 5 ಜಿಬಿ, ವರ್ಷಕ್ಕೆ 1.8 ಟಿಬಿ ಆಯಿತು. ನಿಜವಾದ ತಲೆನೋವು ಇಲ್ಲಿದೆ: ಹಳೆಯ ಡೇಟಾ ಎಲ್ಲಿಡುವುದು, ಟೇಬಲನ್ನು ತಿಂಗಳವಾರು ಪಾರ್ಟಿಷನ್ ಮಾಡುವುದೋ (ತುಂಡುಗಳಾಗಿ ಒಡೆದಿಡುವುದೋ) ಬೇಡವೋ, ಬ್ಯಾಕಪ್ ತೆಗೆಯಲು ಎಷ್ಟು ಹೊತ್ತು, ಅದನ್ನು ರಿಸ್ಟೋರ್ ಮಾಡಲು ಎಷ್ಟು ಹೊತ್ತು. ಈ ಲೆಕ್ಕ ಹಾಕದೆ ಇಪ್ಪತ್ತು ಮಷಿನ್‌ಗಳ ಕ್ಲಸ್ಟರ್ ಎಬ್ಬಿಸಿದರೆ ಇಲ್ಲದ ಸಮಸ್ಯೆಗೆ ದುಡ್ಡು ಸುರಿದಂತೆ. 2015ರಲ್ಲಿ ಫ್ರಾಂಕ್ ಮೆಕ್‌ಶೆರ್ರಿ ಮತ್ತು ಇಬ್ಬರು ಸಂಗಡಿಗರು ಇದೇ ವಿಷಯವಾಗಿ ಒಂದು ಪುಟ್ಟ ಪೇಪರ್ ಬರೆದರು. ಕೆಲವು ಗ್ರಾಫ್ ಲೆಕ್ಕಗಳನ್ನು, 128 ಕೋರ್ ಬಳಸುತ್ತಿದ್ದ ಹೆಸರಾಂತ ಸಿಸ್ಟಮ್‌ಗಳಿಗಿಂತ ಬೇಗ, ಒಂದೇ ಥ್ರೆಡ್ಡಿನ ಪ್ರೋಗ್ರಾಂ ಮುಗಿಸುತ್ತದೆ ಎಂದು ತೋರಿಸಿದರು. ಓದುವ ಪಟ್ಟಿಯಲ್ಲಿ ಅದನ್ನು ಮೊದಲಿಗೇ ಇಟ್ಟುಕೊಳ್ಳಿ, ಐದಾರು ಪುಟ ಅಷ್ಟೆ.

ಹಾಗಾದರೆ ಶುರು ಎಲ್ಲಿಂದ? ಪೋಸ್ಟ್‌ಗ್ರೆಸ್ ಜೊತೆ ಬರುವ ಡಾಕ್ಯುಮೆಂಟೇಶನ್‌ನಿಂದ. ಅದನ್ನು ಎರರ್ ಬಂದಾಗ ಹುಡುಕುವ ಕಡತ ಅಂತಲೇ ಎಲ್ಲರೂ ತಿಳಿದಿದ್ದಾರೆ, ಆದರೆ ಕೂತು ಓದುವಂಥ ಬರವಣಿಗೆ ಅದು. ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ), ಎಕ್ಸ್‌ಪ್ಲೇನ್ (ಕ್ವೆರಿಯನ್ನು ಹೇಗೆ ಓಡಿಸುತ್ತೇನೆ ಎಂದು ಡೇಟಾಬೇಸೇ ಹೇಳುವ ಆದೇಶ), ಕಾನ್‌ಕರೆನ್ಸಿ ಕಂಟ್ರೋಲ್ (ಏಕಕಾಲಕ್ಕೆ ಹಲವರು ಬಳಸಿದಾಗಿನ ನಿಯಂತ್ರಣ), ಈ ಮೂರು ಭಾಗ ಸಾಕು. ಜೊತೆಗೆ ಮಾರ್ಕಸ್ ವಿನಾಂಡ್ ಅವರ 'ಯೂಸ್ ದಿ ಇಂಡೆಕ್ಸ್, ಲ್ಯೂಕ್' ಓದಿ. ಆಫ್‌ಸೆಟ್ (ಇಷ್ಟು ಸಾಲು ಬಿಟ್ಟು ಮುಂದಿನದು ಕೊಡು ಎಂಬ ಸೂಚನೆ) ಹಾಕಿ ಪೇಜಿನೇಶನ್ ಮಾಡಿದರೆ ಹತ್ತು ಲಕ್ಷನೇ ಸಾಲಿಗೆ ಹೋಗಲು ಡೇಟಾಬೇಸ್ ಅದರ ಹಿಂದಿನ ಅಷ್ಟೂ ಸಾಲುಗಳನ್ನು ಎಣಿಸಿ ಎಸೆಯಬೇಕು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ಜಾಗ ನಾನು ಇನ್ನೊಂದು ಕಂಡಿಲ್ಲ. ಓದಿದ್ದನ್ನು ಆಗಿಂದಾಗ ಮಾಡಿ ನೋಡಬೇಕು. ಒಂದು ಕೋಟಿ ಸಾಲಿನ ಟೇಬಲ್ ಮಾಡಲು ಒಂದೇ ಸಾಲಿನ ಕ್ವೆರಿ ಸಾಕು. ಇಂಡೆಕ್ಸ್ ಇಲ್ಲದೆ ಹುಡುಕಿ, ಹಾಕಿ ಹುಡುಕಿ, ಎರಡೂ ಸಲ ಎಕ್ಸ್‌ಪ್ಲೇನ್ ಅನಲೈಸ್ ಏನು ಹೇಳುತ್ತದೆ ನೋಡಿ.

ಇನ್ನೊಂದು ಪ್ರಯೋಗ ನಾನು ಎಲ್ಲರಿಗೂ ಕಡ್ಡಾಯವಾಗಿ ಹೇಳುತ್ತೇನೆ. ಎರಡು ಟರ್ಮಿನಲ್ ತೆರೆಯಿರಿ. ಅಕೌಂಟ್ಸ್ ಅಂತ ಒಂದು ಟೇಬಲ್, ಒಂದೇ ಸಾಲು, ಬ್ಯಾಲೆನ್ಸ್ 1000. ಎರಡೂ ಕಡೆ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಪೂರ್ತಿ ರದ್ದಾಗುವ ಕೆಲಸಗಳ ಗುಂಪು) ಶುರು ಮಾಡಿ, ಎರಡೂ ಕಡೆ ಬ್ಯಾಲೆನ್ಸ್ ಓದಿ, ಎರಡರಲ್ಲೂ 1000 ಕಾಣುತ್ತದೆ. ಮೊದಲನೆಯದರಲ್ಲಿ ನೂರು ಕಳೆದು 900 ಎಂದು ಬರೆದು ಕಮಿಟ್ ಮಾಡಿ, ಅಂದರೆ ಖಾಯಂ ಮಾಡಿ. ಎರಡನೆಯದರಲ್ಲಿ ಇನ್ನೂರು ಕಳೆದು 800 ಎಂದು ಬರೆದು ಕಮಿಟ್ ಮಾಡಿ. ಈಗ ಖಾತೆಯಲ್ಲಿ 700 ಇರಬೇಕಿತ್ತು, 800 ಇದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ನೂರು ರೂಪಾಯಿಯ ವ್ಯವಹಾರವೇ ಮಾಯ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಐಸೊಲೇಶನ್ (ಒಂದು ಟ್ರಾನ್ಸಾಕ್ಷನ್ ಇನ್ನೊಂದರಿಂದ ಎಷ್ಟು ಬೇರೆಯಾಗಿರುತ್ತದೆ ಎಂಬ ಮಟ್ಟ) ಆದ ರೀಡ್ ಕಮಿಟೆಡ್‌ನಲ್ಲಿ ಹೀಗಾಗುತ್ತದೆ. ಇದನ್ನೇ ರಿಪೀಟಬಲ್ ರೀಡ್‌ಗೆ ಬದಲಿಸಿ ಮತ್ತೆ ಮಾಡಿ: ಎರಡನೇ ಟರ್ಮಿನಲ್‌ನಲ್ಲಿ ಪೋಸ್ಟ್‌ಗ್ರೆಸ್ ಎರರ್ ಕೊಟ್ಟು ತಡೆಯುತ್ತದೆ. ಆಮೇಲೆ ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯುಎಲ್‌ನಲ್ಲಿ ಅದೇ ರಿಪೀಟಬಲ್ ರೀಡ್ ಇಟ್ಟುಕೊಂಡು ಮಾಡಿ. ಅಲ್ಲಿ ಅದೇ ಡೀಫಾಲ್ಟ್, ಆದರೆ ಎರಡನೆಯ ಅಪ್‌ಡೇಟ್ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಹೆಸರು ಒಂದೇ, ನಡತೆ ಬೇರೆ. ಸಾಲನ್ನು ಮೊದಲೇ ಲಾಕ್ ಮಾಡಿದರೆ, ಇಲ್ಲವೇ ಕಳೆಯುವ ಲೆಕ್ಕವನ್ನು ಅಪ್‌ಡೇಟ್ ಒಳಗೇ ಇಟ್ಟರೆ ಎರಡೂ ಕಡೆ ಸರಿಹೋಗುತ್ತದೆ. ಇದನ್ನು ಕೈಯಾರೆ ಮಾಡಿದವರಿಗೆ ಆಮೇಲೆ ಕನ್ಸಿಸ್ಟೆನ್ಸಿ (ಡೇಟಾ ಎಲ್ಲರಿಗೂ ಸರಿಯಾಗಿ, ಒಂದೇ ರೀತಿ ಕಾಣುವುದು) ಬಗ್ಗೆ ಯಾರು ಏನು ಬರೆದರೂ ತಲೆಗೆ ಹತ್ತುತ್ತದೆ.

ಇದಾದ ಮೇಲೆ ಕೋರ್ಸ್. ಕಾರ್ನೆಗಿ ಮೆಲನ್‌ನ ಆಂಡಿ ಪಾವ್ಲೊ ಅವರ ಡೇಟಾಬೇಸ್ ಕೋರ್ಸ್ 15-445 ಯೂಟ್ಯೂಬ್‌ನಲ್ಲಿ ಪೂರ್ತಿ ಇದೆ. ಬರೀ ನೋಡಿದರೆ ಪ್ರಯೋಜನ ಅರ್ಧ. ಅದರ ಪ್ರಾಜೆಕ್ಟ್ ಹೆಸರು ಬಸ್‌ಟಬ್. ಬಫರ್ ಪೂಲ್, ಬಿ ಪ್ಲಸ್ ಟ್ರೀ, ಕ್ವೆರಿ ಎಕ್ಸಿಕ್ಯೂಷನ್, ಇವನ್ನೆಲ್ಲ ನೀವೇ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯಬೇಕು. ಜಾವಾ ಬಿಟ್ಟು ಬೇರೆ ಬರಲ್ಲ ಅಂತ ಹಿಂಜರಿಯಬೇಡಿ, ಬಫರ್ ಪೂಲ್ ಒಂದನ್ನಾದರೂ ಬರೆಯಿರಿ. ಡಿಸ್ಕಿನಿಂದ ಒಂದು ಪೇಜ್ ಮೆಮೊರಿಗೆ ಹೇಗೆ ಬರುತ್ತದೆ, ಜಾಗ ಸಾಲದಾಗ ಯಾವುದನ್ನು ಹೊರಗೆ ಹಾಕುತ್ತಾರೆ ಎಂಬುದು ಗೊತ್ತಾದರೆ "ರ‍್ಯಾಮ್ ಜಾಸ್ತಿ ಮಾಡಿದ್ರೆ ಕ್ವೆರಿ ಫಾಸ್ಟ್ ಆಗುತ್ತಾ" ಎಂಬ ಪ್ರಶ್ನೆಗೆ ನೀವೇ ಉತ್ತರ ಕೊಡಬಲ್ಲಿರಿ.

ಬೆಂಗಳೂರಿನವರಿಗೆ ಇಲ್ಲೊಂದು ಮಾತು. ಮಲ್ಲೇಶ್ವರದ ಪಕ್ಕದಲ್ಲೇ ಇರುವ ಐಐಎಸ್‌ಸಿಯಲ್ಲಿ ಪ್ರೊ. ಜಯಂತ್ ಹರಿತ್ಸ ಅವರ ಡೇಟಾಬೇಸ್ ಲ್ಯಾಬ್ 'ಪಿಕಾಸೊ' ಅನ್ನುವ ಟೂಲ್ ಮಾಡಿತು. ಒಂದೇ ಕ್ವೆರಿಯಲ್ಲಿ ಷರತ್ತಿನ ಮೌಲ್ಯ ಬದಲಾದಂತೆ ಆಪ್ಟಿಮೈಸರ್ (ಕ್ವೆರಿ ಓಡಿಸುವ ದಾರಿ ಆರಿಸುವ ಡೇಟಾಬೇಸಿನ ಭಾಗ) ಯಾವ ಯಾವ ಪ್ಲಾನ್ ಆರಿಸುತ್ತದೆ ಎಂಬುದನ್ನು ಅದು ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಆ ಚಿತ್ರಗಳನ್ನು ನೋಡಿದರೆ, ನಿನ್ನೆ ಚೆನ್ನಾಗಿದ್ದ ಕ್ವೆರಿ ಇವತ್ತು ಏಕೆ ನಿಧಾನವಾಯಿತು ಎಂಬುದಕ್ಕೆ ಒಂದು ಕಾರಣ ಕಣ್ಣಿಗೇ ಕಾಣುತ್ತದೆ. ನಮ್ಮೂರಿನಲ್ಲಿ ಆದ ಇಂಥ ಕೆಲಸ ನಮ್ಮ ಹುಡುಗರಿಗೆ ಗೊತ್ತಿಲ್ಲವಲ್ಲ ಎಂಬ ಬೇಸರ ನನಗೆ ಬಹಳ ಇದೆ.

ಪುಸ್ತಕ ಒಂದೇ ಹೇಳು ಎಂದರೆ ಮಾರ್ಟಿನ್ ಕ್ಲೆಪ್ಮನ್ ಅವರ 'ಡಿಸೈನಿಂಗ್ ಡೇಟಾ-ಇಂಟೆನ್ಸಿವ್ ಅಪ್ಲಿಕೇಶನ್ಸ್', 2017ರದ್ದು. ಎಲ್ಲರೂ ಇದನ್ನೇ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ತೊಂದರೆ ಏನೆಂದರೆ ಮೊದಲ ಪುಟದಿಂದ ಕಾದಂಬರಿಯಂತೆ ಓದಲು ಹೊರಟವರು ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ. ಮೊದಲ ಆವೃತ್ತಿ ನಿಮ್ಮ ಕೈಲಿದ್ದರೆ 3ನೇ ಅಧ್ಯಾಯದಿಂದ ಶುರು ಮಾಡಿ, ಅದು ಸ್ಟೋರೇಜ್ ಬಗ್ಗೆ. ಆಮೇಲೆ ನೇರ 7ಕ್ಕೆ ಹೋಗಿ, ಟ್ರಾನ್ಸಾಕ್ಷನ್ ಬಗ್ಗೆ ಇದೆ. ಮೇಲೆ ಹೇಳಿದ ಎರಡು ಟರ್ಮಿನಲ್ ಪ್ರಯೋಗ ಮಾಡಿದ್ದರೆ ಅದು ಹಾಲು ಕುಡಿದಷ್ಟು ಸುಲಭ. ಅನಂತರ 8ನೆಯದು: ನೆಟ್‌ವರ್ಕ್ ಕೈಕೊಡುತ್ತದೆ, ಗಡಿಯಾರಗಳು ಹೊಂದುವುದಿಲ್ಲ, ಪ್ರೋಗ್ರಾಂ ನಡುವೆ ನಿಂತು ಮತ್ತೆ ಎದ್ದಾಗ ಲೋಕವೇ ಬದಲಾಗಿರುತ್ತದೆ. ಹಲವು ಮಷಿನ್‌ಗಳ ಕಷ್ಟವನ್ನು ಇಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ ಅಧ್ಯಾಯ ಬೇರೆ ಸಿಗುವುದು ಕಷ್ಟ.

ಪೇಪರ್‌ಗಳ ವಿಷಯಕ್ಕೆ ಬಂದರೆ, ಅಮೆಜಾನ್ ತನ್ನ ಡೇಟಾ ಸಂಗ್ರಹದ ಬಗ್ಗೆ ಬರೆದ ಡೈನಮೊ (2007) ಮತ್ತು ಹಲವು ಮಷಿನ್‌ಗಳು ಒಂದೇ ನಿರ್ಧಾರಕ್ಕೆ ಬರುವ ಕ್ರಮವನ್ನು ಹೇಳುವ ರಾಫ್ಟ್ (2014), ಈ ಎರಡು ಮೊದಲಿಗೆ ಸಾಕು. ಡೈನಮೊ ಏಕೆಂದರೆ ಅದು ಒಂದು ವ್ಯಾಪಾರದ ನಿರ್ಧಾರವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಗ್ರಾಹಕ ಕಾರ್ಟ್‌ಗೆ ಹಾಕಿದ್ದು ಕಳೆದುಹೋಗಬಾರದು, ಅದಕ್ಕಾಗಿ ತೆಗೆದುಹಾಕಿದ ವಸ್ತು ಒಮ್ಮೊಮ್ಮೆ ಮತ್ತೆ ಕಾಣಿಸಿಕೊಂಡರೂ ಪರವಾಗಿಲ್ಲ ಎಂದು ಅವರು ಒಪ್ಪಿಕೊಂಡರು. ರಾಫ್ಟ್ ಓದಿದರೆ ಸಾಲದು, ಬರೆಯಬೇಕು. ಎಂಐಟಿಯ 6.824, ಈಗಿನ 6.5840, ಕೋರ್ಸಿನ ಲ್ಯಾಬ್‌ನಲ್ಲಿ ಅದನ್ನೇ ಗೋ ಭಾಷೆಯಲ್ಲಿ ಬರೆಸುತ್ತಾರೆ. ರಾಬರ್ಟ್ ಮೋರಿಸ್ ಅವರ 2020ರ ಪಾಠಗಳು ಯೂಟ್ಯೂಬ್‌ನಲ್ಲಿ ಇವೆ.

ಕೊನೆಯದಾಗಿ, ಹೆಚ್ಚಿನವರು ಓದದೇ ಬಿಡುವ ಒಂದು ಖಜಾನೆ: ಕಂಪನಿಗಳು ಸಿಸ್ಟಮ್ ಬಿದ್ದ ಮೇಲೆ ತಾವೇ ಬರೆದು ಪ್ರಕಟಿಸುವ ವರದಿಗಳು. 2018ರ ಅಕ್ಟೋಬರ್ 21ರಂದು, ಜನ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನ ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಟ್‌ವರ್ಕ್ ಕೇವಲ 43 ಸೆಕೆಂಡು ಕಡಿದುಹೋಯಿತು. ಅಷ್ಟರಲ್ಲಿ ಪಶ್ಚಿಮದ ಡೇಟಾಬೇಸ್ ಪ್ರೈಮರಿ (ಬರಹಗಳನ್ನು ಸ್ವೀಕರಿಸುವ ಮುಖ್ಯ ಪ್ರತಿ) ಆಯಿತು, ಎರಡೂ ಕಡೆ ಒಂದಕ್ಕೊಂದು ಗೊತ್ತಿಲ್ಲದ ಬರಹಗಳು ಉಳಿದವು. ಎಲ್ಲ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಅಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್ 2017ರ ಜನವರಿಯಲ್ಲಿ ಬಿದ್ದುದರ ವರದಿಯಲ್ಲಿ, ತಪ್ಪು ಸರ್ವರ್‌ನಲ್ಲಿ ಡೇಟಾ ಅಳಿಸಿದ್ದಕ್ಕಿಂತ ನನ್ನನ್ನು ತಟ್ಟಿದ್ದು ಬೇರೆ ಸಂಗತಿ. ಪೋಸ್ಟ್‌ಗ್ರೆಸ್ ವರ್ಷನ್ ಹೊಂದದೆ ಬ್ಯಾಕಪ್ ಸದ್ದಿಲ್ಲದೆ ಫೇಲ್ ಆಗುತ್ತಿತ್ತು. ಅದನ್ನು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಇಂಥ ವರದಿ ಓದುವಾಗ ಅರ್ಧಕ್ಕೆ ನಿಲ್ಲಿಸಿ, ಆ ಜಾಗದಲ್ಲಿ ನೀವಿದ್ದರೆ ಮೊದಲು ಏನು ನೋಡುತ್ತಿದ್ದಿರಿ ಎಂದು ಬರೆದಿಟ್ಟು, ಆಮೇಲೆ ಮುಂದೆ ಓದಿ.

ಖರ್ಚಿನ ಬಗ್ಗೆಯೂ ಕೇಳುತ್ತಾರೆ. ಪುಸ್ತಕ ಒಂದನ್ನು ಬಿಟ್ಟು ಮೇಲಿನದೆಲ್ಲ ಪುಕ್ಕಟೆ. ಪುಸ್ತಕದ್ದೂ ಭಾರತದಲ್ಲೇ ಅಚ್ಚಾದ ಅಗ್ಗದ ಪ್ರತಿ ಸಿಗುತ್ತದೆ. ಕ್ಲೌಡ್ ಅಕೌಂಟ್ ತೆರೆಯುವ ಅಗತ್ಯ ಇಲ್ಲ. ರಾಫ್ಟ್ ಲ್ಯಾಬ್‌ನ ಟೆಸ್ಟ್‌ಗಳು ನೆಟ್‌ವರ್ಕನ್ನು ಪ್ರೋಗ್ರಾಂ ಒಳಗೇ ಅಣಕು ಮಾಡಿ, ಬೇಕೆಂದೇ ಮೆಸೇಜ್ ಕಳೆದುಹಾಕಿ, ಸರ್ವರ್ ಕೊಂದು ಎಬ್ಬಿಸಿ ನಿಮ್ಮ ಕೋಡನ್ನು ಪರೀಕ್ಷಿಸುತ್ತವೆ. ಮನೆಯಲ್ಲಿರುವ ಮಾಮೂಲಿ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಅಷ್ಟಕ್ಕೆ ಎಲ್ಲವೂ ಓಡುತ್ತದೆ.